ನಾನು ಬರೆದ ಮನೆಗೆ ಮೆಟ್ಟಿಲೇ ಇರಲಿಲ್ಲ

ಹೊಸಕೋಟೆಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹದಿನೆಂಟು ವರ್ಷದಿಂದ ಕರಿಹಲಗೆಯ ಮೇಲೆ ಮನೆ ಬರೆದವನು. ಎರಡು ಬೆಟ್ಟ, ನಡುವೆ ಸೂರ್ಯ, ಮುಂದೊಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ. ಇಂಥವನು ತನ್ನ ಸ್ವಂತ ಮನೆಯ ಪ್ಲಾನಿಗೆ ಎಂಜಿನಿಯರನ ಬಾಗಿಲಿಗೆ ಹೋಗುವುದೇ? ಛೆ!

ತೊಂಬತ್ತರ ದಶಕದ ಶುರು. ಬೆಂಗಳೂರಿನ ಸಿಟಿ ಬಸ್ಸು ನಮ್ಮೂರಿಗೂ ಬರುತ್ತಿತ್ತು, ಅದರ ಹಿಂದೆಯೇ ಬಾಡಿಗೆ ಮನೆ ಹುಡುಕುವವರೂ ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಂತ್ರ: ಕೆಳಗೆ ನಾವು, ಮೇಲೆ ಬಾಡಿಗೆ. ನನಗೂ ಇಪ್ಪತ್ತು ಮೂವತ್ತರ ಒಂದು ಸೈಟಿತ್ತು. ಮೂರು ದಿನ ರಜೆ ಹಾಕಿ ಪ್ಲಾನು ಬರೆದೆ, ಬಣ್ಣವನ್ನೂ ತುಂಬಿದೆ. ಛಾವಣಿಯ ಮೇಲೆ ನೀರಿನ ಟ್ಯಾಂಕು ಗಂಟುಮೂಟೆ ಹೊತ್ತಂತೆ ಕಾಣುತ್ತದೆಂದು ಅದನ್ನು ಕೆಳಗಿಳಿಸಿ ಗಿಡಗಳ ಹಿಂದೆ ಮರೆಮಾಡಿದೆ. ನನ್ನ ಹೆಂಡತಿ ಸರೋಜ ನೋಡಿ, "ತುಂಬಾ ಚೆನ್ನಾಗಿದೆ ರೀ, ಫ್ರೇಮ್ ಹಾಕಿಸಿ" ಎಂದಳು. ಆ ಮಾತಿನಲ್ಲಿ ಎಚ್ಚರಿಕೆಯಿತ್ತು. ನಾನು ಹೊಗಳಿಕೆ ಎಂದುಕೊಂಡೆ.

ಕೆಳಗಿನ ಮನೆಗೆ ಆರ್‌ಸಿಸಿ ಬಿದ್ದು, ಮೇಲಿನ ಗೋಡೆಯೂ ಎದ್ದಿತು. ಮೇಸ್ತ್ರಿ ಮುನಿಯಪ್ಪ ಒಂದು ಬೆಳಿಗ್ಗೆ ತಲೆ ಕೆರೆದುಕೊಳ್ಳುತ್ತಾ ಬಂದ.

"ಮೇಷ್ಟ್ರೇ, ಮೆಟ್ಲು ಎಲ್ಲೈತೆ?"

ಪ್ಲಾನು ಬಿಚ್ಚಿದೆ. ನೆಟ್ಟಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ತೆಂಗಿನ ಮರವಿತ್ತು. ಆಕಾಶದಲ್ಲಿ ನಾಲ್ಕು ಹಕ್ಕಿಗಳಿದ್ದವು. ಮೆಟ್ಟಿಲಿರಲಿಲ್ಲ!

"ಇಷ್ಟು ದಿನ ಹೆಂಗಯ್ಯಾ ಹತ್ತುತ್ತಿದ್ದೆ?"

"ಸಾರ್ವೆ ಬೊಂಬು ಹಿಡ್ಕೊಂಡು."

"ಮೊದ್ಲೇ ಕೇಳೋದಲ್ವಾ?"

"ಕೇಳ್ದೆ ಸ್ವಾಮಿ. 'ಪ್ಲಾನ್ ನೋಡ್ಕೊಂಡು ಮಾಡು, ನನ್ ತಲೆ ತಿನ್ಬೇಡ' ಅಂದ್ರಿ."

ಹೊರಗೆ ಮೆಟ್ಟಿಲಿಡಲು ಗೇಣು ಜಾಗವಿಲ್ಲ. ಟ್ಯಾಂಕು, ಗಿಡಗಳನ್ನು ಬಿಟ್ಟರೆ ಸೈಟಿನ ಕೊನೆಯ ಅಂಗುಲದವರೆಗೂ ನಾನು ಮನೆ ಬರೆದಿದ್ದೆ. ಕೊನೆಗೆ ನಮ್ಮ ಹಾಲಿನ ಮೂಲೆಯಲ್ಲಿ ಛಾವಣಿ ಕೊರೆದು, ಏಣಿಯ ತಮ್ಮನಂಥ ಒಂದು ಮೆಟ್ಟಿಲು ಕೂರಿಸಿದ್ದಾಯಿತು. ಅದರ ತುದಿಯಲ್ಲಿ, ಸರಿಯಾಗಿ ಹಣೆಯ ಮಟ್ಟಕ್ಕೆ, ಸಿಮೆಂಟಿನ ತೊಲೆಯೊಂದು ಅಡ್ಡ ಬಂತು.

"ತೊಲೆ ಒಡೆದ್ರೆ ಮನೆ ನಿಲ್ಲಾಕಿಲ್ಲ" ಎಂದ ಮುನಿಯಪ್ಪ.

"ಇರಲಿ ಬಿಡು, ತಲೆ ತಗ್ಗಿಸಿ ನಡೆಯೋದು ಸಜ್ಜನರ ಲಕ್ಷಣ" ಎಂದೆ ನಾನು.

ಅಂದರೆ, ನಮ್ಮ ಬಾಡಿಗೆದಾರರು ಬೀದಿಯಿಂದ ನಮ್ಮ ಮುಂಬಾಗಿಲು ದಾಟಿ, ನಮ್ಮ ಹಾಲು ದಾಟಿ, ತಲೆ ಚಚ್ಚಿಕೊಂಡು ತಮ್ಮ ಮನೆ ಸೇರಬೇಕು. ಮೂರು ಸಂಸಾರಗಳು ಬಂದು ನೋಡಿ, ನಕ್ಕು ಹೋದವು. ನಾಲ್ಕನೆಯವರು ನಂಜುಂಡಪ್ಪ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಂಡತಿ ಜಯಮ್ಮ, ಮದುವೆಗೆ ಬಂದ ಮಗಳು ಪುಷ್ಪ. "ಮೇಷ್ಟ್ರ ಮನೆ ಅಂದ್ರೆ ಸಾಕು ಸಾರ್, ಮೆಟ್ಲು ಎಲ್ಲಿದ್ರೇನು" ಎಂದರು ಪುಣ್ಯಾತ್ಮರು. ನಾನು ಓನರ್ ಆದೆ!

ಓನರ್ ಆದ ಮೊದಲ ವಾರವೇ ನಮ್ಮ ಹಾಲು ಬಸ್‌ಸ್ಟ್ಯಾಂಡಾಯಿತು. ಅವರ ಹಾಲಿನವನು, ಅವರ ಪೇಪರಿನವನು, ಅವರ ಭಾವಮೈದ, ಎಲ್ಲರೂ ನಮ್ಮ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದರು. ಒಂದು ಸಂಜೆ ನಾನು ಎಂಟನೇ ತರಗತಿಯ ಡ್ರಾಯಿಂಗ್ ಪರೀಕ್ಷೆಯ ಹಾಳೆಗಳನ್ನು ತಿದ್ದುತ್ತಿದ್ದಾಗ ಮೇಕೆ ಹಿಡಿದವನೊಬ್ಬ ಒಳಗೇ ಬಂದ.

"ಕಾಂಪೌಂಡ್ರು ಅವ್ರಾ? ಇದು ಎರಡು ದಿನದಿಂದ ಏನೂ ತಿಂದಿಲ್ಲ."

ನಾನು ಮೆಟ್ಟಿಲ ಬುಡಕ್ಕೆ ಹೋಗಿ ನಂಜುಂಡಪ್ಪನವರನ್ನು ಕೂಗಿ ಬರುವಷ್ಟರಲ್ಲಿ ಮೇಕೆ ಗುಣವಾಗಿತ್ತು. ಹದಿನಾಲ್ಕು ಹಾಳೆ ತಿಂದಿತ್ತು! ಆ ವರ್ಷ ಎಲ್ಲರನ್ನೂ ಪಾಸು ಮಾಡಿದೆ.

ಇನ್ನು ಚಂದಕ್ಕೆಂದು ಕೆಳಗಿಳಿಸಿದ ಟ್ಯಾಂಕಿನಿಂದ ನೀರು ಮೇಲಕ್ಕೆ ಹೋಗುವುದಾದರೂ ಹೇಗೆ? ಮಹಡಿಯ ನಲ್ಲಿ ತಿರುಗಿಸಿದರೆ ನಿಟ್ಟುಸಿರು ಬಿಡುತ್ತಿತ್ತು, ಅಷ್ಟೇ. ನಂಜುಂಡಪ್ಪನವರಿಗೆ ಸೊಂಟ ನೋವು. ಹೀಗಾಗಿ ದಿನಾ ಬೆಳಿಗ್ಗೆ ಮನೆಯ ಮಾಲೀಕನಾದ ನಾನು ಬಾಡಿಗೆದಾರರ ಸೇವೆಯಲ್ಲಿ ಎಂಟು ಬಕೆಟ್ ನೀರು ಹೊತ್ತು ಹತ್ತತೊಡಗಿದೆ.

ಒಂದು ಭಾನುವಾರ ಪುಷ್ಪಳನ್ನು ನೋಡಲು ತ್ಯಾಮಗೊಂಡ್ಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಜಯಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಹತ್ತು ಗಂಟೆಗೆ ಬರಬೇಕಾದವರು ಒಂಬತ್ತಕ್ಕೇ ಬಂದರು. ನಂಜುಂಡಪ್ಪ ಸ್ವೀಟು ತರಲು ಹೋಗಿದ್ದರು. ನಾನು ತೂತುಬಿದ್ದ ಬನಿಯನ್ನಿನಲ್ಲಿ, ಎತ್ತಿ ಕಟ್ಟಿದ ಲುಂಗಿಯಲ್ಲಿ, ಎರಡು ಕೈಯಲ್ಲೂ ಬಕೆಟ್ ಹಿಡಿದು ಹಾಲಿನ ನಡುವೆ ನಿಂತಿದ್ದೆ.

"ಮನೆ ಚೆನ್ನಾಗೈತೆ ಕಣಪ್ಪಾ" ಎಂದರು ಹುಡುಗನ ಸೋದರಮಾವ ಗಂಗಣ್ಣ.

ನನ್ನ ಎದೆ ಉಬ್ಬಿತು. "ನಾನೇ ನಿಂತು ಕಟ್ಟಿಸಿದ್ದು!"

"ಓಹೋ, ಮೇಸ್ತ್ರಿನಾ!" ಎಂದವರೇ ಮಹಡಿ ಹತ್ತಿದರು. ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿಂದ ತೆಂಗಿನಕಾಯಿ ಒಡೆದಂಥ ಶಬ್ದ.

"ಅಯ್ಯಪ್ಪಾ!"

ಗಂಗಣ್ಣನವರ ಹಣೆಯ ಮೇಲೆ ನೋಡನೋಡುತ್ತಿದ್ದಂತೆ ನಿಂಬೆಹಣ್ಣು ಬೆಳೆಯಿತು. ಹಿಂದೆಯೇ ಬರುತ್ತಿದ್ದ ಹುಡುಗನ ಅಜ್ಜಿ ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಹೆಣ್ಣು ನೋಡಕ್ ಬಂದ್ರೆ ರಕ್ತ ನೋಡ್ದಂಗಾಯ್ತು. ಸಕುನ ಸರಿಗಿಲ್ಲ. ಎದ್ದೇಳ್ರೋ, ಹೋಗಣ."

ಮೇಲೆ ಬಾಗಿಲಲ್ಲಿ ಜಯಮ್ಮ ನಿಂತಿದ್ದರು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಕಣ್ಣಲ್ಲಿ ನೀರು. ಅವರ ಬೆನ್ನ ಹಿಂದೆ ಸೀರೆಯುಟ್ಟ ಪುಷ್ಪ ನೆಲ ನೋಡುತ್ತಿದ್ದಳು. ಹುಡುಗಿಯ ಮದುವೆಯನ್ನು ನನ್ನ ಪೆನ್ಸಿಲ್ಲು ಮುರಿಯುತ್ತಿತ್ತು! ಬಕೆಟ್ ಕೆಳಗಿಟ್ಟೆ.

"ಅಜ್ಜೀ, ಅದು ಶಕುನ ಅಲ್ಲ! ನನ್ನ ಪ್ಲಾನು! ನಾನೇ ಈ ಮನೆ ಓನರ್ರು, ನಾನೇ ಬರೆದಿದ್ದು. ಮೆಟ್ಟಿಲು ಬರೆಯೋದು ಮರೆತಿದ್ದೆ, ಆಮೇಲೆ ತುರುಕಿಸಿದ್ದು. ಈ ತೊಲೆ ಯಾರನ್ನೂ ಬಿಟ್ಟಿಲ್ಲ."

"ನೀವು ಓನರ್ರಾ?" ಗಂಗಣ್ಣ ಹಣೆ ಹಿಡಿದುಕೊಂಡೇ ಕೇಳಿದರು. "ಮತ್ತೆ ನೀರು ಹೊರ್ತಾ ಇದೀರಿ?"

"ಟ್ಯಾಂಕ್ ಕೆಳಗಿದೆ."

"ಯಾಕೆ ಕೆಳಗಿಟ್ರಿ?"

"ಮೇಲಿಟ್ರೆ ಚಿತ್ರ ಕೆಡುತ್ತೆ."

ಅಡುಗೆಮನೆಯಿಂದ ಸರೋಜ ಸೌಟು ಹಿಡಿದೇ ಓಡಿಬಂದಳು.

"ನಿಜ ಅಜ್ಜೀ! ಪೋಸ್ಟ್‌ಮ್ಯಾನ್‌ಗೆ ಹೊಡೆದಿದೆ, ನಮ್ಮಣ್ಣನಿಗೆ ಎರಡು ಸಲ ಹೊಡೆದಿದೆ. ಬರೆದ ಮಹಾನುಭಾವರಿಗೆ ದಿನಾ ಹೊಡೆಯುತ್ತೆ. ಹಣೆ ತೋರಿಸ್ರೀ!"

ತೋರಿಸಲು ಉತ್ಸಾಹದಿಂದ ಅಜ್ಜಿಯನ್ನು ದಾಟಿ ಮೆಟ್ಟಿಲ ತುದಿಗೇ ಹಾರಿದೆ.

ಠಣ್!

ಮೊದಲು ನಕ್ಕಿದ್ದು ಪುಷ್ಪ. ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಅವಳು ನಕ್ಕಿದ್ದು ನೋಡಿ ಕೆಳಗೆ ನಿಂತಿದ್ದ ಹುಡುಗ ನಕ್ಕ. ಕೊನೆಗೆ ಅಜ್ಜಿಯೂ ಬೊಚ್ಚುಬಾಯಿ ತೆರೆದರು.

"ಹಂಗಾದ್ರೆ ಹುಡುಗಿ ದೋಸ ಇಲ್ಲ ಬುಡು. ಕಟ್ಟಿದೋನ್ ದೋಸ."

ಆ ತೀರ್ಪಿನ ಮೇಲೆ ಮಾತುಕತೆ ಮುಗಿದು, ಎರಡು ತಿಂಗಳಿಗೆ ಮದುವೆಯೂ ಆಯಿತು. ನೆಂಟರೆಲ್ಲ ನಮ್ಮ ಹಾಲಿನಲ್ಲೇ ಮಲಗಿದರು. ಹೊರಗೆ ಜಾಗವೆಲ್ಲಿತ್ತು?

ಆಮೇಲೊಂದು ದಿನ ಗಂಗಣ್ಣ ಮನೆಗೆ ಬಂದರು. ತಮ್ಮೂರ ಪಕ್ಕದ ಸೋಂಪುರದ ಕಾರ್ಖಾನೆಗಳಿಗೆ ಬರುವವರಿಗೆ ಬಾಡಿಗೆ ಕೊಡಲು ಅವರೂ ಮನೆ ಕಟ್ಟಿಸುವವರಂತೆ. "ಅನುಭವಸ್ಥರು ನೀವು, ಹೇಳ್ಬೇಕು" ಎಂದು ನೋಟ್‌ಬುಕ್ ತೆರೆದರು. ನನ್ನೊಳಗಿನ ಓನರ್ ಮತ್ತೆ ಎದ್ದು ಕೂತ. ಕಿಟಕಿ ಎಲ್ಲಿ, ಬಚ್ಚಲು ಎಲ್ಲಿ, ಬಾಗಿಲು ಯಾವ ಕಡೆ, ಎರಡು ಗಂಟೆ ಹೇಳಿದೆ. ಅವರು ಒಂದಕ್ಷರ ಬಿಡದೆ ಬರೆದುಕೊಂಡರು. ಸರೋಜಳ ಕಡೆ ಗೆದ್ದವನಂತೆ ನೋಡಿದೆ. ಅವಳು ಕಾಫಿ ತಂದಿಟ್ಟಳು.

ವರ್ಷ ಕಳೆದು ಗೃಹಪ್ರವೇಶಕ್ಕೆ ಕರೆ ಬಂತು. ಆರು ಮನೆಗಳು ಸಾಲಾಗಿ ನಿಂತಿದ್ದವು, ಆರಕ್ಕೂ ಆಗಲೇ ಅಡ್ವಾನ್ಸ್ ಬಂದಿತ್ತು. ಗಂಗಣ್ಣ ನನ್ನನ್ನು ಎಲ್ಲರೆದುರು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಗಟ್ಟಿಯಾಗಿ ಹೇಳಿದರು:

"ಈ ಮನೆಗಳು ಇಷ್ಟು ಚೆನ್ನಾಗಿ ಬಂದಿರೋದು ಈ ಮೇಷ್ಟ್ರಿಂದ! ಇವರು ಹೇಳಿದ್ದೆಲ್ಲ ಬರ್ಕೊಂಡಿದ್ದೆ. ಅದ್ರಲ್ಲಿ ಒಂದನ್ನೂ ಮಾಡ್ಲಿಲ್ಲ!"

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಸರೋಜ ತಟ್ಟಿದಳು. ಹಾರ ಕೊರಳಲ್ಲೇ ಇತ್ತಲ್ಲ, ನಾನೂ ತಟ್ಟಿದೆ.