ರಹಮತ್ ಸಾಬರು ಹೊಲಿದ ಧೂಳಿನ ಚೀಲ

ಎಂಥ ಸಾಧು ಮನುಷ್ಯನೂ ಬದುಕಿನಲ್ಲಿ ಒಂದಲ್ಲ ಒಂದು ವಿಷಯಕ್ಕೆ ಹಠ ಹಿಡಿಯುತ್ತಾನೆ. ನಮ್ಮ ತಾತ ಹೊಲದ ಬದುವಿನಲ್ಲಿ ಒಂದು ಗೇಣು ಜಾಗಕ್ಕಾಗಿ ಅಣ್ಣನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ನಮ್ಮ ಚಿಕ್ಕಪ್ಪ ಮೀಸೆ ತೆಗೆಯುವುದಿಲ್ಲವೆಂದು ಸಿಕ್ಕಿದ ಕೆಲಸವನ್ನೇ ಬಿಟ್ಟು ಬಂದರು. ನಾನು ಹಠ ಹಿಡಿದದ್ದು ಧೂಳು ಹೀರುವ ಯಂತ್ರದ ಚೀಲಕ್ಕೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮದು ಹಳೆಯ ದೊಮ್ಮಲೂರು. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ನಮ್ಮ ಮನೆ. ತೊಂಬತ್ತರ ದಶಕದಲ್ಲಿ ಸುತ್ತಮುತ್ತ ಎಲ್ಲಿ ನೋಡಿದರೂ ಅಗೆತ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಮನೆ, ಮತ್ತೊಂದು ಕಡೆ ಯಾಕೆ ಅಗೆಯುತ್ತಿದ್ದಾರೆಂದು ಅಗೆಯುವವರಿಗೂ ಗೊತ್ತಿರಲಿಲ್ಲ. ತಾತ ಬೆವರು ಸುರಿಸಿ ಉತ್ತ ಕೆಂಪು ಮಣ್ಣು ಗಾಳಿಯಲ್ಲಿ ಹಾರಿಬಂದು ನಮ್ಮ ಸೋಫಾದ ಮೇಲೆ ಕೂರುತ್ತಿತ್ತು. ನನ್ನ ಹೆಂಡತಿ ಶಾರದಾ ಬೆಳಗ್ಗೆ ಎದ್ದರೆ ಒಂದೇ ಉಸಿರಿಗೆ ಏಳೆಂಟು ಸೀನು ಸೀನುತ್ತಿದ್ದಳು. ಎದುರು ಮನೆಯವರು ಅದನ್ನು ಕೇಳಿಸಿಕೊಂಡು ಹಾಲು ಒಲೆಯ ಮೇಲಿಡುತ್ತಿದ್ದರಂತೆ. ಹಲಸೂರಿನ ಡಾಕ್ಟರು, "ಮನೇಲಿ ಧೂಳು ಕಡಿಮೆ ಮಾಡಿ, ಪೊರಕೆ ಬಿಡಿ" ಎಂದರು. ನಮ್ಮಮ್ಮನಿಗೆ ಮಾತ್ರ ಇದು ಅರ್ಥವಾಗಲೇ ಇಲ್ಲ. "ಮಣ್ಣಿಗೂ ಯಾರಾದ್ರೂ ಸೀನ್ತಾರೇನೋ? ನಾವು ಅದ್ರಲ್ಲೇ ಬಿದ್ದು ಎದ್ದೋರು" ಎನ್ನುತ್ತಿದ್ದರು.

ಹಾಗಿರುವಾಗ ಒಂದು ಭಾನುವಾರ ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಒಬ್ಬ ಕೆಂಪು ಬಣ್ಣದ ವ್ಯಾಕ್ಯೂಮ್ ಕ್ಲೀನರ್ ಹೊತ್ತು ಬಾಗಿಲಿಗೆ ಬಂದ. ಕೊಳವೆಯ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ನಮ್ಮ ಹಾಸಿಗೆಯ ಮೇಲೆ ಓಡಿಸಿದ. ಬಟ್ಟೆಯ ಮೇಲೆ ಬೂದಿಯಂತೆ ಮೆತ್ತಿದ ಧೂಳು ನೋಡಿ ಶಾರದಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವತ್ತೇ ಯಂತ್ರ ನಮ್ಮದಾಯಿತು. ಅದರ ಹೊಟ್ಟೆಯೊಳಗೆ ಒಂದು ಕಾಗದದ ಚೀಲ. ತುಂಬಿದ ಮೇಲೆ ಎಸೆದು ಹೊಸದು ಹಾಕಬೇಕು. ಜೊತೆಗೆ ಕೊಟ್ಟಿದ್ದ ಚೀಲಗಳು ಮುಗಿಯುವ ಹೊತ್ತಿಗೆ ಏಜೆನ್ಸಿಯವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಹಳೆಯ ಚೀಲಕ್ಕೇ ಗಮ್ ಟೇಪ್ ಹಚ್ಚಿ ನಡೆಸಿದೆ. ಅದು ಒಂದು ದಿನ ಯಂತ್ರದೊಳಗೇ ಒಡೆದು, ತಿಂಗಳಿಡೀ ಹೀರಿದ್ದನ್ನೆಲ್ಲ ಅರ್ಧ ನಿಮಿಷದಲ್ಲಿ ನಡುಮನೆಗೆ ವಾಪಸ್ ಕೊಟ್ಟಿತು.

ಆಗ ನೆನಪಾದವರು ರಹಮತ್ ಸಾಬರು. ನನ್ನ ಆಫೀಸು ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ. ಸಂಜೆ ಬಸ್ಸಿಗೆ ಶಿವಾಜಿನಗರಕ್ಕೆ ನಡೆದು ಹೋಗುತ್ತಿದ್ದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಬೆಂಚು ಹಿಡಿಯುವಷ್ಟೇ ಅಗಲದ ಅಂಗಡಿ ಅವರದು. ನನ್ನ ಪ್ಯಾಂಟುಗಳ ಸೊಂಟವನ್ನು ವರ್ಷವರ್ಷವೂ ಸಡಿಲ ಮಾಡಿಕೊಡುತ್ತಿದ್ದವರು ಅವರೇ. ಹರಿದ ಕಾಗದದ ಚೀಲವನ್ನು ಅವರ ಮುಂದಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

"ಯಾರಿಗೆ ಸಾರ್ ಇದು?"

"ಮೆಷಿನ್‌ಗೆ ಸಾಬ್ರೆ. ಕಸ ಗುಡಿಸೋ ಮೆಷಿನ್."

"ಹಂಗಾದ್ರೆ ಮೆಷಿನ್ ಕರ್ಕೊಂಡ್ ಬನ್ನಿ. ಅಳತೆ ಇಲ್ದೆ ಹೆಂಗ್ ಹೊಲಿಯೋದು?"

ಮರುದಿನ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಜೋತುಬಿದ್ದ ಕೊಳವೆಯನ್ನು ನೋಡಿ ಕಂಡಕ್ಟರು, "ಏನ್ ಸಾರ್, ಆನೆ ಮರೀನಾ?" ಎಂದ. ಸಾಬರು ಟೇಪು ಹಿಡಿದು ಅಳತೆ ತೆಗೆದುಕೊಂಡು, "ಕತ್ತು ಸಣ್ಣದು, ಹೊಟ್ಟೆ ದೊಡ್ಡದು. ನಿಮ್ಮ ಥರಾನೇ ಇದೆ ಸಾರ್" ಎಂದರು. ಮೊದಲು ತೆಳು ಪಾಪ್ಲಿನ್ ಬಟ್ಟೆಯಲ್ಲಿ ಹೊಲಿದುಕೊಟ್ಟರು. ಧೂಳು ಬಟ್ಟೆಯೊಳಗಿಂದ ನುಸುಳಿ ಮನೆಯೆಲ್ಲ ಮಂಜು ಕವಿದಂತಾಯಿತು. ಆಮೇಲೆ ದಪ್ಪ ಡ್ರಿಲ್ ಬಟ್ಟೆ ಎರಡು ಪದರ ಹಾಕಿ ಹೊಲಿದರು. ಅದು ನಿಂತಿತು.

ಅಲ್ಲಿಂದ ಎಂಟು ವರ್ಷ, ಐದಾರು ತಿಂಗಳಿಗೊಮ್ಮೆ ಒಂದು ಹೊಸ ಚೀಲ. ಆ ಸಂಜೆಗಳನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಮಾದರಿಗೆಂದು ಹಳೆಯ ಚೀಲವನ್ನು ಅವರ ಕೈಗಿಟ್ಟು ಬೆಂಚಿನ ಮೇಲೆ ಕೂರುತ್ತಿದ್ದೆ. ಎದುರು ಹೋಟೆಲಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಬರುತ್ತಿತ್ತು. ಗಲ್ಲಿಯಲ್ಲಿ ಒಬ್ಬರು ತಮಿಳಿನಲ್ಲಿ ಚೌಕಾಸಿ ಮಾಡಿದರೆ ಇನ್ನೊಬ್ಬರು ಉರ್ದುವಿನಲ್ಲಿ ಆಣೆ ಹಾಕುತ್ತಿದ್ದರು, ವ್ಯಾಪಾರ ಮಾತ್ರ ಕನ್ನಡದಲ್ಲಿ ಕುದುರುತ್ತಿತ್ತು. ಸಾಬರು ಬಾಯಲ್ಲಿ ದಾರ ಕಚ್ಚಿಕೊಂಡೇ ದಂಡು ಎಂದು ಕರೆಯುತ್ತಿದ್ದ ಹಳೆಯ ಕಂಟೋನ್ಮೆಂಟಿನ ಕಥೆಗಳನ್ನು ಹೇಳುತ್ತಿದ್ದರು. ರಂಜಾನ್ ತಿಂಗಳಲ್ಲಿ ಬಟ್ಟೆಯ ರಾಶಿ ತಲೆಯೆತ್ತರ ಬಿದ್ದಿದ್ದರೂ ನನ್ನ ಚೀಲಕ್ಕೇ ಮೊದಲ ಸರದಿ.

ಇಂದಿರಾನಗರದ ದೊಡ್ಡ ಅಂಗಡಿಯೊಂದರಲ್ಲಿ ಶಾರದಾ ಚೀಲವಿಲ್ಲದ ಯಂತ್ರವನ್ನು ನೋಡಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. "ರೀ, ಇದಕ್ಕೆ ಚೀಲಾನೇ ಬೇಡ್ವಂತೆ. ಡಬ್ಬಿ ತೆಗ್ದು ಕಸ ಸುರಿದು ತೊಳೆದಿಟ್ರೆ ಆಯ್ತಂತೆ" ಎಂದಳು. ಗಾಜಿನಂಥ ಡಬ್ಬಿಯಲ್ಲಿ ಕಸ ಗಿರಗಿರನೆ ತಿರುಗುವುದು ಕಾಣುತ್ತಿತ್ತು. ನಾನು ವಾದ ಹೂಡಿದೆ. ನಮ್ಮ ಮನೆಯ ಕಸ ಬಂದುಹೋದವರಿಗೆಲ್ಲ ಕಾಣಬೇಕೇ? ಡಬ್ಬಿ ಒಡೆದರೆ? ಅದರ ಫಿಲ್ಟರ್ ತೊಳೆಯುವವರು ಯಾರು? ಅಂಗಡಿಯವನೇ ಸುಸ್ತಾದ.

"ನೀವು ಟೆರೇಸ್ ಮೇಲೆ ಚೀಲ ಒದರ್ತೀರ, ಅದು ಕಿಟಕೀಲಿ ಒಳಗ್ ಬರುತ್ತೆ, ನಾನು ಸೀನ್ತೀನಿ" ಎಂದಳು ಶಾರದಾ. ಕೊನೆಗೆ ನಿಜ ಹೇಳಿದೆ. ರೆಡಿಮೇಡ್ ಬಂದ ಮೇಲೆ ಸಾಬರಿಗೆ ಮೊದಲಿನಷ್ಟು ಕೆಲಸವಿಲ್ಲ, ನಾನೂ ಕೈಬಿಟ್ಟರೆ ನೊಂದುಕೊಳ್ಳುತ್ತಾರೆ ಎಂದೆ. ಅವಳು, "ಆಯ್ತು ಬಿಡಿ" ಎಂದಳು. ಹಾಗೆ ಇನ್ನೊಂದು ವರ್ಷ ಕಳೆಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಚೀಲ ಒದರಿ ಕೆಳಗಿಳಿದು ಬಂದಾಗ ಶಾರದಾ ಅಡುಗೆಮನೆಯ ಗೋಡೆ ಹಿಡಿದು ಕೂತಿದ್ದಳು. ಉಸಿರು ಸಿಗುತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಚದ ಪಕ್ಕ ಕೂತು ನನ್ನ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಧೂಳಿತ್ತು.

ಮರುದಿನ ಸಂಜೆ ಶಿವಾಜಿನಗರಕ್ಕೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಡಿಯ ಮುಂದೆ ಎಲ್ಲ ಮರೆತು, "ಸಾಬ್ರೆ, ಇನ್ಮೇಲೆ ಚೀಲ ಬೇಡ. ಮನೆಯವ್ರಿಗೆ ಉಬ್ಬಸ. ಚೀಲ ಇಲ್ದೇ ಇರೋ ಮೆಷಿನ್ ತಗೋತಿದೀನಿ. ತಪ್ಪು ತಿಳ್ಕೋಬೇಡಿ" ಎಂದುಬಿಟ್ಟೆ.

ಸಾಬರು ಪೆಡಲ್ ತುಳಿಯುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದರು. ಎರಡೂ ಕೈ ಮೇಲೆತ್ತಿ, "ಯಾ ಅಲ್ಲಾ, ಬಚಾವಾದೆ!" ಎಂದರು.

ನಾನು ಕಣ್ಣು ಕಣ್ಣು ಬಿಟ್ಟೆ.

"ಬೇಜಾರ್ ಮಾಡ್ಕೋಬೇಡಿ ಸಾರ್. ಆ ಬಟ್ಟೇಗೆ ಪ್ರತಿ ಸಲ ಎರಡು ಸೂಜಿ ಮುರಿಯುತ್ತೆ. ನೀವು ತರೋ ಹಳೇ ಚೀಲ ಬಿಚ್ಚಿದ್ರೆ ನಂಗೆ ಎರಡು ದಿನ ಕೆಮ್ಮು. ನಮ್ಮ ಮನೆಯವಳು ದಿನಾ ಬೈತಾಳೆ."

"ಮತ್ತೆ ಯಾಕ್ರೀ ಹೊಲಿದ್ರಿ ಇಷ್ಟು ವರ್ಷ?"

"ನೀವು ದೊಮ್ಮಲೂರಿಂದ ಮೆಷಿನ್‌ನ ಮಗೂ ಥರ ಎತ್ಕೊಂಡ್ ಬಂದಿದ್ರಿ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಅಮ್ಮಾವ್ರು ಈಗ ಹೆಂಗಿದಾರೆ, ಅದು ಹೇಳಿ ಮೊದ್ಲು."

ಆ ಭಾನುವಾರವೇ ಹೊಸ ಯಂತ್ರ ಮನೆಗೆ ಬಂತು. ಶಾರದಾ ಸಂಭ್ರಮದಿಂದ ಅದನ್ನು ಮನೆಯೆಲ್ಲ ಓಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಡಬ್ಬಿ ಸುರಿಯುವ ಕೆಲಸವನ್ನು ನನಗೆ ವಹಿಸಿದಳು. ಆಮೇಲೆ ಮೆಲ್ಲಗೆ, "ಸಾಬರು ಏನಂದ್ರು? ನೊಂದ್ಕೊಂಡ್ರಾ?" ಎಂದು ಕೇಳಿದಳು. ಎಂಟು ವರ್ಷದ ಹಠಕ್ಕೆ ಎರಡು ಮುರಿದ ಸೂಜಿಯ ಮರ್ಯಾದೆಯೂ ಸಿಗಲಿಲ್ಲವೆಂದು ಹೇಗೆ ಹೇಳಲಿ? "ತುಂಬಾ ನೊಂದ್ಕೊಂಡ್ರು ಪಾಪ. ಮಾತೇ ಆಡ್ಲಿಲ್ಲ" ಎಂದೆ.

ಅವಳ ಕಣ್ಣು ತುಂಬಿತು. ಮರುದಿನ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ, ಸಮಾಧಾನ ಹೇಳಿ ಬನ್ನಿ ಎಂದು ನನ್ನನ್ನು ಕಳಿಸಿದಳು. ಸಾಬರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದೆಲ್ಲ ಯಾಕೆಂದು ಕೇಳಿದರು. ಉಬ್ಬಸ ಕಡಿಮೆಯಾದ ಖುಷಿಗೆ ಎಂದೆ. ಅವರು ಆಕಾಶ ನೋಡಿ ದುವಾ ಮಾಡಿದರು. ನಾನು ಬೆಂಚಿನ ಮೇಲೆ ಕೂತು, ಎರಡು ಕಡೆಯ ಒಳ್ಳೆಯವರಿಗೆ ಎರಡು ಸುಳ್ಳು ಹೇಳಿದ ಬಾಯಿಗೆ ಮೂರನೆಯ ಮಿಠಾಯಿ ಹಾಕಿಕೊಂಡೆ.