ಮಂಗಳೂರಾಗ ಏರಿದ ಇಟಲಿಯ ಕಳಸ

ನಮ್ಮ ಮಾಸ್ತರು ಪುಸ್ತಕ ಬರೆಯಲು ಕೂತ ದಿನದಿಂದ ಊರಾಗ ವಾರಕ್ಕೊಂದು ಫಜೀತಿ ತಪ್ಪಿದ್ದಿಲ್ಲ. ಊರು ಮಂಗಳೂರು, ಸಮುದ್ರದ್ದಲ್ಲ, ಯಲಬುರ್ಗಾ ಕಡೆಯದು. ಪುಸ್ತಕ ಮಾತ್ರ ಇಟಲಿ ದೇಶದ್ದು. ಐದುನೂರು ವರ್ಷದ ಹಿಂದೆ ಅಲ್ಲಿ ಚಿತ್ರಕ್ಕೂ ಕಟ್ಟಡಕ್ಕೂ ಹೊಸ ಹುಟ್ಟು ಬಂತಂತೆ, ಅದರ ಚರಿತ್ರೆ. ಮಾಸ್ತರು ಹೊಸಪೇಟೆ ದಾಟಿದವರಲ್ಲ. ಒಂದು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ಓದಿ ಬರೆಯುತ್ತಿದ್ದರು.

ಗದಗಿನ ಛಾಪಖಾನೆಯ ಸಾವಕಾರರು ಹೇಳಿ ಕಳಿಸಿದ್ದರು: "ಸುಗ್ಗಿ ಮುಗಿದ ಮ್ಯಾಲೆ ಬರತೀನಿ. ರೈತರು ಕುಂತು ಕೇಳಿದರ ಅಚ್ಚು ಹಾಕತೀನಿ. ಎದ್ದು ಹೋದರ ಇಲ್ಲ."

ಬರೆದದ್ದನ್ನು ಓದಿ ಹೇಳಿ ಪರೀಕ್ಷೆ ಮಾಡಲು ಮಾಸ್ತರು ನನ್ನನ್ನು ಹಿಡಿದರು. ನಾನು ಹೆಡ್‌ಮಾಸ್ತರರ ಕುರ್ಚಿಗೆ ಅಂಟು ಬಳಿದು, ನಾಲ್ಕನೇ ಇಯತ್ತೆಗೇ ಉರ್ದು ಸಾಲಿ ಬಿಟ್ಟವ. "ನಿನಗ ತಿಳಿದರ ಊರಿಗೆಲ್ಲಾ ತಿಳಿದಂಗ," ಅಂದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ. ಆದರೆ ಹುಟ್ಟಿದಾಗಿನಿಂದ "ತಿಳೀತೇನೋ?" ಅಂತ ನನ್ನನ್ನು ಕೇಳಿ, ಉತ್ತರಕ್ಕೆ ಕಾಯ್ದು ಕೂತವರು ಅವರೊಬ್ಬರೇ.

ಛತ್ತಿನ ಚಿತ್ರ

ಒಬ್ಬ ಚಿತ್ರಗಾರ ನಾಲ್ಕು ವರ್ಷ ಕತ್ತು ಮೇಲೆತ್ತಿ ದೊಡ್ಡ ಗುಡಿಯ ಛತ್ತಿನ ತುಂಬ ಚಿತ್ರ ಬರೆದನಂತೆ. "ಸುಳ್ಳ ಬಿಡ್ರಿ, ಕುತ್ತಿಗಿ ಉಳಿಯಂಗಿಲ್ಲ," ಅಂದೆ.

"ನೋಡೇ ಬಿಡೂಣು," ಅಂದರು ಮಾಸ್ತರು. ಮಂಚದ ಹೊರಸಿನ ಮೇಲೆ ಇನ್ನೊಂದು ಹೊರಸು ಇಟ್ಟು, ತಮ್ಮ ಮನೆಯ ಛತ್ತಿಗೆ ಚಿತ್ರ ಬರೆಯಲು ಹತ್ತಿದರು. ನಾನು ಕಾವಿ ಬಣ್ಣವನ್ನು ಬೇಕಂತಲೇ ನೀರುನೀರಾಗಿ ಕಲಸಿಕೊಟ್ಟೆ. ಅರ್ಧ ಕಮಲ ಆಗುವುದರೊಳಗೆ ಮೀಸೆ ಕೆಂಪಾಯಿತು, ಕತ್ತು ಹಿಡಿಯಿತು. ಮೂರು ದಿನ ಮಾಸ್ತರು ಆಕಾಶ ನೋಡುತ್ತಲೇ ಊರಾಗ ಅಡ್ಡಾಡಿದರು.

ಕತ್ತಿಗೆ ಎಣ್ಣೆ ತಿಕ್ಕುತ್ತ ಅವರ ಹೆಂಡತಿ ಕೇಳಿದರು: "ಪಾಪ, ಆ ಚಿತ್ರಗಾರನ ಹೇಂತಿ ನಾಕು ವರ್ಷ ಎಷ್ಟು ಎಣ್ಣಿ ತಿಕ್ಕಿದ್ದಾಳು?"

"ಅವಗ ಲಗ್ನ ಆಗಿದ್ದಿಲ್ಲ."

"ಅದಕ್ಕೇ ಮತ್ತ, ನಾಕು ವರ್ಷ ಮ್ಯಾಲೇ ಕುಂತಾನ. ಕೆಳಗ ಇಳಿ ಅನ್ನವರು ಯಾರು?"

ಕುಳ್ಳಿನ ಬಣವಿ

ಒಬ್ಬ ಜಾಣ ಕೆಳಗೆ ಕಟ್ಟಿಗೆಯ ಆಧಾರ ಕೊಡದೆ, ಇಟ್ಟಂಗಿಯನ್ನು ಸುತ್ತುಸುತ್ತಾಗಿ ಏರಿಸಿ ಭಾರಿ ಗುಮ್ಮಟ ಕಟ್ಟಿಸಿದನಂತೆ. ಮಾಸ್ತರು ಮೂರು ಸಲ ತಿದ್ದಿ ಬರೆದರು. ಮೂರು ಸಲವೂ ನಾನು, "ಬೀಳತೈತ್ರಿ," ಅಂದೆ. ಆಮೇಲೆ ಒಂದು ದಿನ ನಮ್ಮ ಅಜ್ಜಿ ಒಲೆಗೆ ಹಾಕುವ ಸಗಣಿ ಕುಳ್ಳು ಒಟ್ಟುವುದು ಕಂಡಿತು. ಸುತ್ತುಸುತ್ತಾಗಿ, ಒಳಕ್ಕೆ ವಾಲಿಸಿ. ಆಧಾರ ಇಲ್ಲ, ಏನಿಲ್ಲ! ಓಡಿಹೋಗಿ ಮಾಸ್ತರನ್ನು ಕರೆತಂದೆ. ಅವರು ದಾರ ಹಿಡಿದು ಅಳೆಯತೊಡಗಿದರು.

"ಯಾರೋ ಇವರು? ಸರಕಾರದವರೇನು?" ಅಜ್ಜಿಗೆ ಕಣ್ಣು ಮಂಜು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹೌದಬೇ, ಕುಳ್ಳಿಗೂ ತೆರಿಗಿ ಹಾಕತಾರಂತ."

ಅಜ್ಜಿ ಒಂದೇ ಒದೆತಕ್ಕೆ ಬಣವಿ ಕೆಡವಿ, "ಎಲ್ಲೈತ್ರಿ ಬಣವಿ? ಬರೇ ಕಸ!" ಅಂದಳು.

ಮೈಯೆಲ್ಲ ಕುಳ್ಳಿನ ಪುಡಿಯಾದ ಮಾಸ್ತರು ಬೈಯಲಿಲ್ಲ. "ಕಟ್ಟೂದೂ ತಿಳೀತು, ಕೆಡವೂದೂ ತಿಳೀತು. ಅಧ್ಯಾಯ ಮುಗೀತು," ಅಂದರು.

ಆಯೇರಿ

ಸಾವಕಾರರು ಬಂದರು. ಊರ ಗುಡಿಯಲ್ಲಿ ಓದು ಶುರುವಾಯಿತು. ಜನ ಅಲ್ಲಾಡದೆ ಕೇಳಿದರು. ಮಾಸ್ತರು, "ಹದಿನಾರು ವರ್ಷಕ್ಕೆ ಗುಮ್ಮಟ ಮುಗಿಯಿತು," ಅಂತ ಓದಿದ್ದೇ ತಡ, ಗೌಡರು ಎದ್ದರು. ಅವರ ಹಿಂದೆ ಊರೇ ಎದ್ದು ಹೊರಗೆ ಹೋಯಿತು.

ಸಾವಕಾರರು ಚೀಲ ಕೈಗೆತ್ತಿಕೊಂಡರು. ಮಾಸ್ತರ ಮುಖ ನೋಡಲು ನನಗೆ ಆಗಲಿಲ್ಲ.

ಅಷ್ಟರಲ್ಲಿ ಹಲಗೆ ಬಡಿಯುವ ಸಪ್ಪಳ ಕೇಳಿತು! ನಮ್ಮಲ್ಲಿ ಪುರಾಣ ಓದುವಾಗ ಲಗ್ನ ಬಂದರೆ ಅಕ್ಕಿಕಾಳು ಹಾಕುತ್ತಾರೆ, ಕೂಸು ಹುಟ್ಟಿದರೆ ತೊಟ್ಟಿಲು ಕಟ್ಟುತ್ತಾರೆ. ಗುಮ್ಮಟ ಮುಗಿದರೆ ಬಿಡುತ್ತಾರೇನು? ಕಳಸ, ಕಾಯಿ, ಆರತಿ ಹಿಡಿದು ಎಲ್ಲರೂ ತಿರುಗಿ ಬಂದರು.

"ಕಳಸ ಏರಿಸದ ಮುಂದ ಓದಬಾರದ್ರಿ ಮಾಸ್ತರ," ಅಂದರು ಗೌಡರು. ಪೂಜೆ ಆಯಿತು. "ಇನ್ನ ಗುಮ್ಮಟ ಕಟ್ಟಿದ ಗೌಂಡಿಗೆ ಅರಬಿ ಉಡುಗೊರಿ ಕೊಟ್ಟು ಆಯೇರಿ ಮಾಡಬೇಕು. ಎಲ್ಲದಾನ?"

"ಸತ್ತು ಐದುನೂರು ವರ್ಷ ಆತ್ರಿ."

"ಅವನ ಕಡಿಯವರು ಯಾರಾರ ಬಂದಾರೇನು?"

ನಾನು ಸಾವಕಾರರ ಕಡೆ ಬೆರಳು ಮಾಡಿದೆ. ಅವರು ಬಾಯಿ ತೆರೆಯುವುದರೊಳಗೆ ತಲೆಗೆ ರುಮಾಲು ಸುತ್ತಿ, ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಧೋತರ ಇಟ್ಟರು.

ಆಯೇರಿ ತಗೊಂಡು ಒಲ್ಲೆ ಅನ್ನುವುದು ಹೇಗೆ? "ಅಚ್ಚು ಹಾಕತೀನಿ," ಅಂದರು. ಮಾಸ್ತರು ಕಣ್ಣೊರೆಸಿಕೊಂಡು ನನ್ನ ಬೆನ್ನ ಮೇಲೆ ಕೈ ಇಟ್ಟರು. ಮಾಸ್ತರೊಬ್ಬರ ಕೈ ಪೆಟ್ಟಿಲ್ಲದೆ ನನ್ನ ಬೆನ್ನಿಗೆ ಬಂದದ್ದು ಅದೇ ಮೊದಲು.

ಸಾವಕಾರರು ರುಮಾಲು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದರು: "ಮಾಸ್ತರ, ಪುಸ್ತಕದಾಗ ಇನ್ನೊಂದು ಗುಮ್ಮಟ ಐತೇನ್ರಿ?"

"ಐತ್ರಿ, ಇದಕ್ಕಿಂತ ಎತ್ತರದ್ದು."

"ಹಂಗಾರ ಅದನ್ನ ಓದೂ ದಿನ ನಮ್ಮ ಮನಿಯವರನ್ನೂ ಕರಕೊಂಡು ಬರತೀನಿ. ಸೀರಿ ಮಾತ್ರ ಹಸರು ಬ್ಯಾಡ್ರಿ, ಅಕಿಗಿ ಒಪ್ಪಂಗಿಲ್ಲ."