ಇಪ್ಪತ್ತು ಕಿಲೋಮೀಟರ್ ರದ್ದು

ಡಿಪೋದಿಂದ ಕೊನೆಯ ಊರಿಗೆ ಅರವತ್ತು ಕಿಲೋಮೀಟರ್ ಎಂಬುದು ಹಳೆಯ ಮಾತು. ಹೋದ ತಿಂಗಳಿಂದ ಆ ದೂರ ನಲವತ್ತು. ಆದೇಶಕ್ಕೆ ಸಹಿಯಾಗಿದೆ, ಮೊಹರೂ ಬಿದ್ದಿದೆ.

ಇದು ಶುರುವಾದದ್ದು ಮೀಸೆ ಡ್ರೈವರನಿಂದ. ತಾನು ಹಾರ್ನ್ ಹೊಡೆದರೆ ರಸ್ತೆಯ ತಿರುವು ತಾನಾಗಿ ನೆಟ್ಟಗಾಗುತ್ತದೆ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದವನು. ತಿರುವುಗಳು ಯಾವತ್ತೂ ಅದನ್ನು ಅಲ್ಲಗಳೆದಿರಲಿಲ್ಲ. ಅಂಥವನಿಗೆ ಎರಡು ಮೆಮೊ ಬಂದಿದ್ದವು: ದಿನವೂ ಅರ್ಧ ಗಂಟೆ ತಡ. ಮೂರನೆಯದು ಬಂದರೆ ವಜಾ. ನಿವೃತ್ತಿಗೆ ಉಳಿದದ್ದು ಎರಡೇ ತಿಂಗಳು.

ಟೋಪಿ ಕಂಕುಳಲ್ಲಿಟ್ಟುಕೊಂಡು ಅವನು ವೇಳಾಪಟ್ಟಿ ಅಧಿಕಾರಿಯ ಮುಂದೆ ನಿಂತ.

“ಸಾರ್, ನಲವತ್ತರ ಮೇಲೆ ಓಡಿಸಬೇಡ ಅಂತ ನಿಮ್ಮದೇ ಸುತ್ತೋಲೆ. ಒಂದು ಗಂಟೇಲಿ ತಲುಪು ಅಂತಲೂ ನಿಮ್ಮದೇ. ದಾರಿ ಅರವತ್ತು. ಬಸ್ಸನ್ನ ಹೆಗಲ ಮೇಲೆ ಹೊತ್ಕೊಂಡು ಓಡ್ಲಾ? ಹರೇದಲ್ಲಿ ಓಡಿದ್ದೆ, ಈಗ ಮಂಡಿ ನೋವು.”

“ಗೋಳು ಬೇಡ, ಬೀಜಗಣಿತ ಮಾಡೋಣ,” ಎಂದು ಅಧಿಕಾರಿ ಕಾಗದ ಎಳೆದುಕೊಂಡ. “ದೂರ ಅಂದ್ರೆ ವೇಗ ಗುಣಿಸು ಕಾಲ. ಮೂರರಲ್ಲಿ ಒಂದು ಎಕ್ಸ್. ಯಾವುದು?”

“ಕಾಲ. ಒಂದೂವರೆ ಗಂಟೆ ಅಂತ ಎಮ್ಮೆಯೂ ಹೇಳುತ್ತೆ ಸಾರ್.”

“ಎಮ್ಮೆಗೆ ಕಚೇರಿ ನಿಯಮ ಗೊತ್ತಿಲ್ಲ. ನಿಯಮ ಹನ್ನೊಂದು: ಸುತ್ತೋಲೆ ಇದ್ದದ್ದು ಸ್ಥಿರ, ಇಲ್ಲದ್ದು ಎಕ್ಸ್. ವೇಗಕ್ಕೆ ಇದೆ. ಕಾಲಕ್ಕೆ ಇದೆ. ದೂರಕ್ಕೆ?”

ಗುಮಾಸ್ತೆ ಮೂರು ಕಪಾಟು ಜಾಲಾಡಿದಳು. ಆ ಎರಡು ಊರುಗಳ ನಡುವೆ ಇಂತಿಷ್ಟು ದೂರ ಇರತಕ್ಕದ್ದು ಎಂದು ಯಾರೂ ಸಹಿ ಹಾಕಿರಲಿಲ್ಲ.

“ನೋಡು, ಎಕ್ಸ್ ಸಿಕ್ತು. ನಲವತ್ತು ಗುಣಿಸು ಒಂದು, ನಲವತ್ತು.”

“ಉಳಿದ ಇಪ್ಪತ್ತು?”

“ಅನಧಿಕೃತ.”

ಸಂಜೆಗೆ ಗೋಡೆಗಳ ಮೇಲೆ ಪ್ರಕಟಣೆ ಅಂಟಿತು: “ಕೊನೆಯ ಇಪ್ಪತ್ತು ಕಿಲೋಮೀಟರುಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಅವುಗಳ ಮೇಲೆ ನಡೆಯುವವರು ಸ್ವಂತ ಜವಾಬ್ದಾರಿಯಲ್ಲಿ ನಡೆಯತಕ್ಕದ್ದು.”

ಮರುದಿನ ಹತ್ತಕ್ಕೆ ಹೊರಟ ಬಸ್ಸು ಹನ್ನೊಂದು ಹೊಡೆಯುವಾಗ ನಲವತ್ತನೆಯ ಕಲ್ಲಿನ ಹತ್ತಿರ, ಬಯಲಲ್ಲಿ ನಿಂತಿತು. ಕೊನೆಯ ಊರಿನ ಬೋರ್ಡು ತಂದು ಅಲ್ಲಿ ನೆಟ್ಟಿದ್ದರು. ಬೋರ್ಡಿಗೆ ಒಂದು ಕುರಿ ಬೆನ್ನು ಉಜ್ಜುತ್ತಿತ್ತು.

“ಮಗಳ ಮನೆ ಕಾಣ್ತಿಲ್ಲವಲ್ಲಪ್ಪಾ,” ಎಂದಳು ಗಂಟು ಹಿಡಿದು ಇಳಿದ ಅಜ್ಜಿ.

“ಬೋರ್ಡು ನೋಡಜ್ಜಿ, ಇದೇ ಊರು,” ಎಂದ ಮೀಸೆಯವನು.

“ಹೌದಾ? ಊರು ಭಾಳ ಸೊರಗಿದೆ,” ಎಂದು ಅಜ್ಜಿ ಗಂಟು ತಲೆಗೇರಿಸಿ ನಡೆದಳು. ಉಳಿದವರೂ ಹಿಂದೆಯೇ ನಡೆದರು. ಏನೇ ಹೇಳಿ, ಬಸ್ಸು ಮೊದಲ ಸಲ ಟೈಮಿಗೆ ಬಂತು ಎಂದು ದಾರಿಯುದ್ದಕ್ಕೂ ಎಲ್ಲರೂ ಹೊಗಳಿದರು.

ಮೂರನೆಯ ಮೆಮೊ ಬರಲಿಲ್ಲ. ಬದಲಿಗೆ ಸಮಯಪಾಲನೆಯ ಪ್ರಶಸ್ತಿ ಪತ್ರ ಬಂತು, ಗಾಜಿನ ಕಟ್ಟು ಹಾಕಿದ್ದು. ಮೀಸೆಯವನ ಮನೆ ಇದ್ದದ್ದು ಆ ಕೊನೆಯ ಊರಲ್ಲೇ. ಪ್ರಶಸ್ತಿ ಎದೆಗವಚಿಕೊಂಡು, ರದ್ದಾದ ಇಪ್ಪತ್ತು ಕಿಲೋಮೀಟರನ್ನೂ ಒಂದೊಂದಾಗಿ ನಡೆದು ಮನೆ ಮುಟ್ಟಿದಾಗ ಸಂಜೆ ಐದು.

“ಊರು ಹತ್ತಿರ ಬಂತಂತೆ. ಮತ್ಯಾಕ್ರೀ ಇಷ್ಟು ಹೊತ್ತು?” ಎಂದಳು ಹೆಂಡತಿ, ಬಿಸಿನೀರಿನ ಬೋಗುಣಿ ಮುಂದಿಡುತ್ತಾ.

“ಬಸ್ಸು ಹನ್ನೊಂದಕ್ಕೇ ಬಂತು ಕಣೇ. ತಡ ಮಾಡಿದ್ದು ನಾನು.”

“ನಿಮ್ಮ ಕಾಲಿಗೂ ಒಂದು ಸುತ್ತೋಲೆ ಮಾಡಿಸ್ಕೊಂಡು ಬರಬಾರದಾ?”

ಅವನು ಪಾದಗಳನ್ನು ನೀರಲ್ಲಿ ಇಳಿಬಿಟ್ಟು, ಮೀಸೆ ತಿರುವಿದ.

“ಅರ್ಜಿ ಆಗಲೇ ಬರೆಸಿದೀನಿ. ಗಂಟೆಗೆ ಇಪ್ಪತ್ತು ಅಂತ ಕೇಳಿದೀನಿ.”